ಎಂಜಿಬಿ ರೋಡ್‌ಸ್ಟರ್ ಸಿಲ್ ಬದಲಾವಣೆ: ಬಾಡಿ ಬಾಗದ ಹಾಗೆ ಮನೆಯಲ್ಲೇ ಮಾಡೋದು ಹೇಗೆ?

ಲೆಸ್ಟರ್_ಗ್ಯಾರೇಜ್:
ಎಲ್ಲರಿಗೂ ನಮಸ್ಕಾರ. ಗಾಡಿ ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು, 1968ರ ಎಂಜಿಬಿ ರೋಡ್‌ಸ್ಟರ್, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮನೆ ಗ್ಯಾರೇಜಲ್ಲಿದೆ. ಎಂಜಿನ್, ಗೇರ್‌ಬಾಕ್ಸ್ ಚೆನ್ನಾಗಿವೆ. ಎರಡೂ ಕಡೆ ಸಿಲ್ (ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಾಕಾರದ ತಗಡಿನ ಭಾಗ) ತುಕ್ಕು ತಿಂದಿದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತೆ. ಎಡ ಬಾಗಿಲಿನ ಹಿಂಬದಿ ಸಂದು ಕೆಳಗೆ 6 ಮಿ.ಮೀ., ಮೇಲೆ 2 ಮಿ.ಮೀ. ಇದೆ. ಮಿಗ್ ವೆಲ್ಡರ್ (ವೈರ್ ಕರಗಿಸಿ ಬೆಸೆಯುವ ಯಂತ್ರ) ಇದೆ, ತಗಡು ಬೆಸೆಯೋದು ಗೊತ್ತು. ಹೊರಗಿನ ಸಿಲ್ ಮಾತ್ರ ಬದಲಾಯಿಸಿದರೆ ಸಾಕಾ? ಕತ್ತರಿಸುವಾಗ ಬಾಡಿ ಬಾಗದಂತೆ ಏನು ಮಾಡಬೇಕು?

ತಗಡುಕೆಲಸ:
ಮೊದಲು ಬಾಗಿಲನ್ನು ಅರ್ಧ ತೆಗೆದು, ಹಿಂದಿನ ತುದಿ ಹಿಡಿದು ಮೇಲಕ್ಕೆತ್ತಿ ನೋಡಿ ಸರ್. ಕಟಕಟ ಅಂದರೆ ಕೀಲಿನ ಪಿನ್ ಸವೆದಿದೆ, ಅದರಿಂದಲೂ ಮೇಲಿನ ಸಂದು ಕಿರಿದಾಗುತ್ತೆ. ಕೀಲು ಗಟ್ಟಿಯಾಗಿದ್ದರೆ ಬಾಡಿಯೇ ನಡುವೆ ಕುಸಿದಿದೆ ಅಂತ ಅರ್ಥ: ಬಾಗಿಲಿನ ಮುಂದಿನ ಕಂಬ (ಎ-ಪೋಸ್ಟ್), ಹಿಂದಿನ ಕಂಬ (ಬಿ-ಪೋಸ್ಟ್) ಇವುಗಳ ಮೇಲ್ತುದಿಗಳು ಒಂದಕ್ಕೊಂದು ವಾಲಿವೆ.

ಈ ಗಾಡಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ರೋಡ್‌ಸ್ಟರ್‌ಗೆ ಚಾವಣಿಯ ಆಸರೆಯೂ ಇಲ್ಲ. ನಡುಭಾಗದ ಭಾರವನ್ನು ಹೆಚ್ಚಾಗಿ ಹೊರೋದು ಸಿಲ್‌ಗಳೇ. ಅದು ಒಂದೇ ತಗಡಲ್ಲ: ಹೊರ ಸಿಲ್, ಒಳ ಸಿಲ್, ಇವೆರಡರ ನಡುವೆ ನಿಂತಿರುವ ಮೆಂಬ್ರೇನ್ ಅನ್ನೋ ತಗಡು, ಅಡಿಯಲ್ಲಿ ಕ್ಯಾಸಲ್ ರೇಲ್ ಅನ್ನೋ ಉದ್ದ ಪಟ್ಟಿ. ಎಲ್ಲಾ ಸೇರಿದಾಗಲೇ ಪೆಟ್ಟಿಗೆಯ ಬಲ ಬರೋದು. ಹೊರಗಿನದು ತೂತಾಗುವ ಹೊತ್ತಿಗೆ ಮೆಂಬ್ರೇನಿನ ಕೆಳ ಅಂಚು ಸಾಮಾನ್ಯವಾಗಿ ಪುಡಿಯಾಗಿರುತ್ತೆ. ಹೊರ ಸಿಲ್ ಬಿಚ್ಚಿ ನೋಡಿ, ಆಮೇಲೆ ತೀರ್ಮಾನಿಸಿ. ನಾಲ್ಕೂ ಬದಲಾಯಿಸಬೇಕಾಗುತ್ತೆ ಅಂತಲೇ ಲೆಕ್ಕ ಹಾಕಿಕೊಳ್ಳಿ. ಹಳೇ ಸಿಲ್ ಮೇಲೆ ಕೂರಿಸುವ ಕವರ್ ಸಿಲ್ ಮಾತ್ರ ಬೇಡವೇ ಬೇಡ. ಒಳಗೆ ನೀರು ನಿಲ್ಲುತ್ತೆ, ಬಲವೂ ಬರಲ್ಲ.

ಗಾಡಿ ನಿಲ್ಲಿಸೋದು ಹೀಗೆ. ಸಮತಟ್ಟಾದ ಕಾಂಕ್ರೀಟ್ ನೆಲ, ಆಕ್ಸಲ್ ಸ್ಟ್ಯಾಂಡ್‌ಗಳು ಮುಂದೆ ಸಸ್ಪೆನ್ಶನ್ ಕ್ರಾಸ್‌ಮೆಂಬರ್ ಕೆಳಗೆ, ಹಿಂದೆ ಆಕ್ಸಲ್ ಕೆಳಗೆ. ಚಕ್ರದ ಮೇಲೆ ನಿಂತಾಗ ಭಾರ ಎಲ್ಲಿ ಬೀಳುತ್ತೋ ಅಲ್ಲೇ ಬೀಳಬೇಕು. ಎಂಜಿನ್ ಇಳಿಸಬೇಡಿ, ಇಳಿಸಿ ಬೆಸೆದರೆ, ಮತ್ತೆ ಕೂರಿಸಿದಾಗ ಸಂದು ಬದಲಾಗುತ್ತೆ. ಸೀಟಿನ ಮುಂದಿನ ಅಡ್ಡಪಟ್ಟಿಯ ತುದಿಗೆ ಮರದ ಹಲಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಸಂದು ಒಂದೇ ಆಗುವವರೆಗೆ ಜಾಕಿಯನ್ನು ನಿಧಾನವಾಗಿ ಎತ್ತಿ. ಸಂದು ಮೇಲೂ ಕೆಳಗೂ 4-5 ಮಿ.ಮೀ. ಸಿಕ್ಕರೆ ಸಾಕು. ಆಮೇಲೇ ಬ್ರೇಸ್ (ಬಾಡಿ ಅಲುಗದಂತೆ ತಾತ್ಕಾಲಿಕವಾಗಿ ಬಿಗಿಯುವ ಆಸರೆ ಪೈಪು) ಹಾಕಿ. ಕುಸಿದ ಬಾಡಿಗೆ ಬ್ರೇಸ್ ಹಾಕಿದರೆ ಆ ಕುಸಿತವೇ ಖಾಯಂ ಆಗುತ್ತೆ.

ಬ್ರೇಸ್‌ಗೆ 25 ಮಿ.ಮೀ. ಚೌಕ ಪೈಪು. ಎ-ಪೋಸ್ಟಿನಿಂದ ಬಿ-ಪೋಸ್ಟಿಗೆ ಮೇಲೊಂದು, ಕೆಳಗೊಂದು, ನಡುವೆ ಓರೆಯಾಗಿ ಒಂದು. ಎಡದಿಂದ ಬಲಕ್ಕೆ ಅಡ್ಡಲಾಗಿ ಇನ್ನೊಂದು. ಎಲ್ಲವೂ ಕ್ಯಾಬಿನ್ ಒಳಗಡೆಗೇ ಇರಲಿ, ಬಾಗಿಲು ಮುಚ್ಚುವಂತಿರಬೇಕು. ಬಾಗಿಲು ಹಾಕಿ ನೋಡಲು ಆಗದ ಬ್ರೇಸ್‌ನಿಂದ ಉಪಯೋಗವಿಲ್ಲ. ಪೋಸ್ಟ್‌ಗಳ ನಡುವಿನ ದೂರ, ಕರ್ಣದ ಅಳತೆ ಎರಡನ್ನೂ ಬ್ರೇಸ್ ಮೇಲೇ ಮಾರ್ಕರ್‌ನಲ್ಲಿ ಬರೆದಿಡಿ.

ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟಬೇಡಿ.

ಲೆಸ್ಟರ್_ಗ್ಯಾರೇಜ್:
ತುಂಬಾ ಥ್ಯಾಂಕ್ಸ್. ಕೀಲು ಗಟ್ಟಿಯಾಗಿದೆ, ಹಾಗಾದರೆ ಬಾಡಿಯೇ ಕುಸಿದಿದೆ. ಮುಂದಿನ ವಿಂಗ್ (ಚಕ್ರದ ಮೇಲಿನ ಹೊರ ತಗಡು) ಬಿಚ್ಚದೆ ಸಿಲ್ ಹಾಕಬಹುದಾ? ಬೆಸೆಯುವ ಕ್ರಮ ಹೇಳಿ.

ಮಿಗ್‌ಟಾರ್ಚ್:
ವಿಂಗ್ ಬಿಚ್ಚಲೇಬೇಕು. ಸಿಲ್ ವಿಂಗಿನ ಹಿಂದೆ ಚಕ್ರದ ಗೂಡಿನವರೆಗೂ ಹೋಗುತ್ತೆ, ಹೆಚ್ಚು ಕೊಳೆಯೋದೂ ಅಲ್ಲೇ. ಎಂಜಿಬಿಯ ಮುಂದಿನ ವಿಂಗ್ ಬೋಲ್ಟ್ ಹಾಕಿದ್ದು, ಅದು ಪುಣ್ಯ. ಹಿಂದಿನ ದಿನವೇ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಲವಂತ ಮಾಡಿದರೆ ಒಳಗಿನ ನಟ್ ಕಿತ್ತುಕೊಂಡು ಜೊತೆಗೇ ತಿರುಗುತ್ತೆ. ಹಿಂದಿನ ವಿಂಗ್ ಬೆಸೆದದ್ದು. ಅದರ ಕೆಳತುದಿ ಸಿಲ್ಲಿನ ಕೊನೆಯನ್ನು ಮುಚ್ಚಿರುತ್ತೆ, ಅಷ್ಟನ್ನು ಕತ್ತರಿಸಿ ಆಮೇಲೆ ರಿಪೇರಿ ತುಂಡು ಹಾಕಬೇಕು.

ಕಿಡಿ ಹಾರಿಸುವ ಮೊದಲು: ಪೆಟ್ರೋಲ್ ಟ್ಯಾಂಕ್ ಇಳಿಸಿ ಹೊರಗಿಡಿ, ಸೀಟಿನ ಹಿಂದಿರುವ ಎರಡು 6 ವೋಲ್ಟ್ ಬ್ಯಾಟರಿಗಳನ್ನು ತೆಗೆಯಿರಿ, ಆಲ್ಟರ್ನೇಟರ್ ಪ್ಲಗ್ ಕಳಚಿ. ಪೆಟ್ರೋಲ್ ಪೈಪು, ಬ್ಯಾಟರಿಯ ದಪ್ಪ ಕೇಬಲ್ ಎರಡೂ ನೆಲದ ಅಡಿಯಲ್ಲೇ ಹೋಗುತ್ತವೆ, ಅವನ್ನೂ ಸರಿಸಿ. ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಹಳೇ ಚುಕ್ಕಿ ಬೆಸುಗೆಗಳನ್ನು, ಅಂದರೆ ಸ್ಪಾಟ್ ವೆಲ್ಡ್‌ಗಳನ್ನು 8 ಮಿ.ಮೀ. ಸ್ಪಾಟ್ ಡ್ರಿಲ್‌ನಲ್ಲಿ ಬಿಡಿಸಿ. ಒಳಗಿನಿಂದ ಹೊರಕ್ಕೆ ಕಟ್ಟಿಕೊಂಡು ಬನ್ನಿ: ಕ್ಯಾಸಲ್ ರೇಲ್, ಒಳ ಸಿಲ್, ನೆಲದ ಅಂಚು, ಮೆಂಬ್ರೇನ್, ಕೊನೆಗೆ ಹೊರ ಸಿಲ್. ಹೊರ ಸಿಲ್ಲನ್ನು ಮೊದಲು ಕ್ಲ್ಯಾಂಪ್‌ನಲ್ಲಿ ಮಾತ್ರ ಹಿಡಿಸಿ, ಬಾಗಿಲು ಮುಚ್ಚಿ, ವಿಂಗನ್ನು ನಾಲ್ಕೈದು ಬೋಲ್ಟಿನಲ್ಲಿ ಕೂರಿಸಿ ಸಂದು ನೋಡಿ. ಬಾಗಿಲಿನ ಕೆಳಗಂಚು ಸಿಲ್ಲಿಗೆ ಸಮಾನಾಂತರ ಇಲ್ಲದಿದ್ದರೆ ಸರಿಪಡಿಸಲು ಅದೇ ಸಮಯ. ಬೆಸೆದ ಮೇಲೆ ಪುಟ್ಟಿ ಬಳಿದು ಮುಚ್ಚೋದು ರಿಪೇರಿ ಅಲ್ಲ.

ಹೊಸ ತಗಡಿನ ಅಂಚಿಗೆ 6 ಮಿ.ಮೀ. ತೂತು, ಸುಮಾರು 25-30 ಮಿ.ಮೀ. ಅಂತರದಲ್ಲಿ, ತೂತು ತುಂಬಿ ಬೆಸೆಯುವ ಪ್ಲಗ್ ವೆಲ್ಡ್‌ಗೆ. ಕೂಡುವ ಮುಖಗಳಿಗೆ ಜಿಂಕ್ ವೆಲ್ಡ್-ಥ್ರೂ ಪ್ರೈಮರ್ (ಮೇಲೇ ಬೆಸೆಯಬಹುದಾದ ತುಕ್ಕುತಡೆ ಬಣ್ಣ). ತೂತಿನ ಒಳಗೆ ಮಾತ್ರ ಕೆರೆದು ಹೊಳೆಯುವ ಲೋಹ ತನ್ನಿ, ಇಲ್ಲದಿದ್ದರೆ ವೆಲ್ಡ್ ಉಗುಳುತ್ತೆ. 0.6 ಮಿ.ಮೀ. ವೈರ್, ಆರ್ಗಾನ್ ಮಿಶ್ರಿತ ಗ್ಯಾಸ್. ಮುಂದೊಂದು, ಹಿಂದೊಂದು, ನಡುವೊಂದು ಅಂತ ಜಾಗ ಬದಲಿಸುತ್ತಾ ಹೋಗಿ. ಒಂದೇ ಕಡೆ ಸಾಲಾಗಿ ಬೆಸೆದರೆ ಬಿಸಿಗೆ ತಗಡು ಎಳೆದುಕೊಂಡು ಸಿಲ್ ಬಾಳೆಕಾಯಿ ಥರ ಬಾಗುತ್ತೆ. ಮೊದಲು ಅದೇ ದಪ್ಪದ ಚೂರು ತಗಡಿನ ಮೇಲೆ ಬೆಸೆದು, ಕಿತ್ತು ನೋಡಿ: ವೆಲ್ಡ್ ಹಾಗೇ ಉಳಿದು ತಗಡು ಹರಿಯಬೇಕು. ವೆಲ್ಡೇ ಬಿಟ್ಟುಬಂದರೆ ಕರೆಂಟ್ ಸಾಲದು. ಜಿಂಕ್ ಹೊಗೆ ಕೆಟ್ಟದ್ದು, ಶಟರ್ ತೆರೆದಿಟ್ಟು ಮಾಸ್ಕ್ ಹಾಕಿಕೊಳ್ಳಿ.

ಹಳೇಗಾಡಿ_ಪ್ರೇಮಿ:
ಇಬ್ಬರೂ ಸರಿಯಾಗಿ ಹೇಳಿದ್ದಾರೆ. ತುಕ್ಕಿನ ಮೂಲದ ಬಗ್ಗೆ ಒಂದೆರಡು ಮಾತು. ಮುಂದಿನ ಚಕ್ರದ ಗೂಡಿನ ಹಿಂದೆ ಒಂದು ಸ್ಪ್ಲ್ಯಾಶ್ ಪ್ಯಾನೆಲ್ ಇದೆ, ಅದರ ಸುತ್ತ ರಬ್ಬರ್ ಸೀಲ್. ಆ ರಬ್ಬರ್ ಹೋದರೆ ಉಪ್ಪು ಬೆರೆತ ಕೆಸರು ನೇರ ಸಿಲ್ಲಿನ ಮೂತಿಗೆ ಬಂದು ಕೂರುತ್ತೆ. ಇಂಗ್ಲೆಂಡಿನ ಚಳಿಗಾಲದ ರಸ್ತೆಯಲ್ಲಿ ಉಪ್ಪಿಗೇನೂ ಬರ ಇಲ್ಲ. ಹೊಸ ಸೀಲ್ ಹಾಕದೆ ವಿಂಗ್ ಮುಚ್ಚಬೇಡಿ.

ಬಣ್ಣ ಪೂರ್ತಿ ಒಣಗಿದ ಮೇಲೆ ಒಳ ಸಿಲ್ಲಿನ ತೂತಿನಿಂದ ಉದ್ದ ಕೊಳವೆ ತೂರಿಸಿ ಕ್ಯಾವಿಟಿ ವ್ಯಾಕ್ಸ್ (ಒಳಗಿನ ಟೊಳ್ಳಿಗೆ ಹೊಡೆಯುವ ತುಕ್ಕುತಡೆ ಮೇಣ) ಹೊಡೆಯಿರಿ, ಮೆಂಬ್ರೇನಿನ ಎರಡೂ ಬದಿಗೆ. ಪೇಂಟಿಗೆ ಮೊದಲು ಹೊಡೆದರೆ ಅಂಚಿನಲ್ಲಿ ಸೋರಿದ ಮೇಣದ ಮೇಲೆ ಬಣ್ಣ ನಿಲ್ಲಲ್ಲ. ಕೆಳಗಿನ ನೀರಿಳಿಯುವ ತೂತುಗಳು ಮೇಣದಿಂದ ಮುಚ್ಚಿಹೋಗುತ್ತವೆ, ಮರುದಿನ ತಂತಿ ಹಾಕಿ ಬಿಡಿಸಿ.

40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡದ ಗಾಡಿಗೆ ಅಲ್ಲಿ ಎಂಒಟಿ (ವರ್ಷಕ್ಕೊಮ್ಮೆ ಮಾಡಿಸುವ ಗಾಡಿ ತಪಾಸಣೆ) ವಿನಾಯಿತಿ ಇದೆ. ಆದರೂ ರಸ್ತೆಗಿಳಿಸುವ ಮುಂಚೆ ಒಮ್ಮೆ ಮಾಡಿಸಿ. ಸಿಲ್ ಬೆಸೆದ ಗಾಡಿಯನ್ನು ಲಿಫ್ಟ್ ಮೇಲೆತ್ತಿ ಬೇರೆಯವರ ಕಣ್ಣಲ್ಲಿ ಅಡಿಯಿಂದ ನೋಡಿಸೋದು ಒಳ್ಳೇದು, ಬ್ರೇಕ್ ಪೈಪಿಗೆ ಕಿಡಿ ತಗುಲಿದ್ದರೂ ಆಗಲೇ ಕಾಣುತ್ತೆ.