30 ಸಾವಿರ ವ್ಯೂಸ್‌ಗೆ ಹನ್ನೆರಡೂವರೆ ಡಾಲರ್! ಈ ಲೆಕ್ಕ ಗೊತ್ತಿರೋರು ಸ್ವಲ್ಪ ಹೇಳಿ

ಕೇಳಿದವರು, ಬೇಲೂರು:
ನಮ್ಮದು ಅಡುಗೆ ಚಾನೆಲ್. ಕಳಲೆ ಪಲ್ಯ, ಪತ್ರೊಡೆ, ಅಕ್ಕಿ ಕಡುಬು, ಇಂಥವು. ಯೂಟ್ಯೂಬ್‌ನಲ್ಲಿ ಮಾನಿಟೈಸೇಶನ್ ಆಗಿ, ಅಂದರೆ ವಿಡಿಯೋಗೆ ದುಡ್ಡು ಬರಲು ಶುರುವಾಗಿ, ಒಂದು ತಿಂಗಳಾಯಿತು. ಆ ತಿಂಗಳಲ್ಲಿ 30 ಸಾವಿರ ವ್ಯೂಸ್. ಪ್ಲೇಬ್ಯಾಕ್ ಸಿಪಿಎಂ 1.60 ಡಾಲರ್ ಅಂತ ತೋರಿಸುತ್ತಿದೆ. ಸಿಪಿಎಂ ಅಂದರೆ ಸಾವಿರಕ್ಕೆ ಇಷ್ಟು ಅಂತ ತಾನೇ? ನಮ್ಮ ಯಜಮಾನರು ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿ 48 ಡಾಲರ್ ಅಂದರು. ಬಂದಿರೋದು 12.50. ಪಕ್ಕದಲ್ಲಿ ಆರ್‌ಪಿಎಂ 0.42 ಅಂತ ಬೇರೆ ಇದೆ. ಉಳಿದ ದುಡ್ಡು ಎಲ್ಲಿ ಹೋಯಿತು?

ಮೂಡಿಗೆರೆಯಿಂದ:
ಅಕ್ಕಾ, ದುಡ್ಡು ಎಲ್ಲೂ ಹೋಗಿಲ್ಲ, ಲೆಕ್ಕ ಹಾಕಿದ್ದು ತಪ್ಪು. ನಾನು ಕಾಫಿ ಬೆಳೆಗಾರ, ಔಟ್‌ಟರ್ನ್ ಭಾಷೆಯಲ್ಲೇ ಹೇಳಿಬಿಡುತ್ತೇನೆ. 50 ಕೆಜಿ ರೋಬಸ್ಟಾ ಚೆರ್ರಿ ಮೂಟೆ ಹೊತ್ತುಕೊಂಡು ಹೋದರೆ ವ್ಯಾಪಾರಿ ಪೂರ್ತಿ 50 ಕೆಜಿಗೆ ಬೀಜದ ರೇಟು ಕೊಡುತ್ತಾನಾ? ಸ್ಯಾಂಪಲ್ ಸಿಪ್ಪೆ ಬಿಡಿಸಿ ತೂಗುತ್ತಾನೆ. ಔಟ್‌ಟರ್ನ್ 26 ಬಂತು ಅಂದರೆ 26 ಕೆಜಿಗೆ ದುಡ್ಡು. ನಿಮ್ಮ 30 ಸಾವಿರ ವ್ಯೂಸ್ ಚೆರ್ರಿ ಮೂಟೆ ಇದ್ದ ಹಾಗೆ. ಅದರಲ್ಲಿ ಜಾಹೀರಾತು ನಿಜವಾಗಿ ಓಡಿದ್ದು ಎಷ್ಟು ಸಲ? ಅದೇ ಬೀಜ. ಅನಾಲಿಟಿಕ್ಸ್‌ನ ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ 'ಮಾನಿಟೈಸ್ಡ್ ಪ್ಲೇಬ್ಯಾಕ್ಸ್' ಎಷ್ಟಿದೆ ಹೇಳಿ.

ಬೇಲೂರು:
14 ಸಾವಿರ ಅಂತ ಇದೆ ಅಣ್ಣಾ.

ಮೂಡಿಗೆರೆಯಿಂದ:
ಆಯ್ತು. ಪ್ಲೇಬ್ಯಾಕ್ ಸಿಪಿಎಂ ಅಂದರೆ ಜಾಹೀರಾತು ಓಡಿದ ಇಂಥ ಸಾವಿರ ಪ್ಲೇಬ್ಯಾಕ್‌ಗೆ ಇಷ್ಟು ಅಂತ. ಅದಕ್ಕೇ 14ನ್ನು 1.60ರಿಂದ ಗುಣಿಸಿ. 22.40 ಡಾಲರ್. ಇದು ಜಾಹೀರಾತು ಕೊಟ್ಟವರು ಕಟ್ಟಿದ ದುಡ್ಡು. ದೊಡ್ಡ ವಿಡಿಯೋ ಆದರೆ ಇದರಲ್ಲಿ ನಮಗೆ 55 ಪರ್ಸೆಂಟ್, ಯೂಟ್ಯೂಬ್‌ಗೆ 45. ಹಾಗೆ ತೆಗೆದರೆ 12.32. ನಿಮ್ಮ 12.50ಕ್ಕೆ ಹತ್ತಿರ ಬಂತಲ್ಲ! ಮಿಕ್ಕ 18 ಸೆಂಟ್ ಬೇರೆ ಎಲ್ಲಿಂದಲೋ ಬಂದಿದೆ, ಹುಡುಕಿ ನೋಡಿ.

ಸಿಪಿಎಂ ಪೇಟೆ ರೇಟು, ಆರ್‌ಪಿಎಂ ನಮ್ಮ ಜೇಬಿನ ರೇಟು. ಯೂಟ್ಯೂಬ್ ಪಾಲು ಕಳೆದ ಮೇಲೆ ಕೈಗೆ ಬಂದದ್ದನ್ನು ಎಲ್ಲಾ ವ್ಯೂಸ್‌ಗೂ ಹಂಚಿ, ಸಾವಿರಕ್ಕೆ ಎಷ್ಟು ಅಂತ ಹೇಳುವುದು ಆರ್‌ಪಿಎಂ. ಪ್ರೀಮಿಯಂ ಸದಸ್ಯರು ನೋಡಿದ್ದು, ಮೆಂಬರ್‌ಶಿಪ್, ಸೂಪರ್ ಚಾಟ್ ಎಲ್ಲವೂ ಅದರೊಳಗೇ ಸೇರುತ್ತವೆ. ಯಜಮಾನರಿಗೆ ಹೇಳಿ, 30ನ್ನು 0.42ರಿಂದ ಗುಣಿಸಲಿ. ಕ್ಯಾಲೆಂಡರ್ ಹಾಳೆ ಉಳಿಯುತ್ತದೆ.

ಹಾಂ, ಬರೀ 'ಸಿಪಿಎಂ' ಅಂತ ಇನ್ನೊಂದಿದೆ. ಅದು ಸಾವಿರ ಜಾಹೀರಾತಿಗೆ ಇಷ್ಟು ಅಂತ. ಒಂದೇ ವಿಡಿಯೋದಲ್ಲಿ ಎರಡು ಮೂರು ಜಾಹೀರಾತು ಬರಬಹುದಲ್ವಾ, ಅದಕ್ಕೇ ಎರಡೂ ನಂಬರ್ ಬೇರೆ ಬೇರೆ. ನಾನಂತೂ ಅದನ್ನು ನೋಡೋದೇ ಬಿಟ್ಟಿದ್ದೇನೆ.

ಹಾಸನದಿಂದ:
ಅಡುಗೆಯವರು ಶಾರ್ಟ್ಸ್ ಹಾಕುತ್ತೀರಾ? ಹಾಕಿದ್ದರೆ ಅದನ್ನು ಬೇರೆ ಮಾಡಿ ನೋಡಿ. ಶಾರ್ಟ್ಸ್‌ನಲ್ಲಿ ನಡುವೆ ಬರುವ ಜಾಹೀರಾತಿನ ದುಡ್ಡೆಲ್ಲ ಒಂದು ಕಡೆ ಸೇರುತ್ತದೆ. ಅದರಲ್ಲಿ ಕ್ರಿಯೇಟರ್‌ಗಳ ಪಾಲು ಬೇರೆ ತೆಗೆದು ವ್ಯೂಸ್ ಪ್ರಕಾರ ಹಂಚುತ್ತಾರೆ, ಹಂಚಿ ಬಂದದ್ದರಲ್ಲಿ ನಮಗೆ 45 ಪರ್ಸೆಂಟ್. 2023ರ ಫೆಬ್ರವರಿಯಿಂದ ಹೀಗೆ. ಎರಡನ್ನೂ ಕಲಸಿ ನೋಡಿದರೆ ಆರ್‌ಪಿಎಂ ಪಾತಾಳಕ್ಕೆ ಹೋದ ಹಾಗೆ ಕಾಣುತ್ತದೆ.

ಇನ್ನೊಂದು, ಜನವರಿಯಲ್ಲಿ ಗಾಬರಿಯಾಗಬೇಡಿ. ನಾನು ಹಾಸನಾಂಬೆ ಬಾಗಿಲು ತೆಗೆದಾಗ ದರ್ಶನದ ಸಾಲು ಎಲ್ಲಿವರೆಗಿದೆ, ಪಾರ್ಕಿಂಗ್ ಎಲ್ಲಿ ಅಂತ ವಿಡಿಯೋ ಮಾಡಿದ್ದೆ. ದೀಪಾವಳಿ ಹೊತ್ತು, ಬಟ್ಟೆ, ಬಂಗಾರ, ಮೊಬೈಲ್ ಅಂತ ಎಲ್ಲರೂ ಜಾಹೀರಾತು ಸುರಿಯುವ ಕಾಲ. ವ್ಯೂಸೂ ಏರಿತು, ಆರ್‌ಪಿಎಂ ಕೂಡ ಏರಿತು. ನನಗೆ ಕೊಂಬು ಬಂತು, ಸಾಲ ಮಾಡಿ ಹೊಸ ಮೈಕ್ ತಗೊಂಡೆ. ದೇವಿ ಬಾಗಿಲು ಹಾಕಿದ ವಾರಕ್ಕೆ ವ್ಯೂಸ್ ಇಲ್ಲ. ಜನವರಿಗೆ ಆರ್‌ಪಿಎಂ ಅರ್ಧ. ಹೊಸ ವರ್ಷದ ಶುರುವಿನಲ್ಲಿ ಕಂಪನಿಗಳು ಕೈ ಬಿಗಿ ಹಿಡಿಯುತ್ತವೆ ಅಂತ ಆಮೇಲೆ ಗೊತ್ತಾಯಿತು. ಮೈಕ್ ಕಂತು ಇನ್ನೂ ಕಟ್ಟುತ್ತಿದ್ದೇನೆ.

ಸಕಲೇಶಪುರದಿಂದ:
ವಿಡಿಯೋ 8 ನಿಮಿಷ ದಾಟಿದರೆ ನಡುವೆಯೂ ಜಾಹೀರಾತು ಹಾಕಬಹುದು. ಆದರೆ ಅದಕ್ಕೋಸ್ಕರ ಸುಮ್ನೆ ಎಳೀಬೇಡಿ. ನನ್ನ ಜೀಪ್ ವಿಡಿಯೋದಲ್ಲಿ ಗಾಡಿ ಕೆಸರಲ್ಲಿ ಹೂತು, ಇನ್ನೇನು ಮೇಲೆ ಬರಬೇಕು, ಅಲ್ಲೇ ಜಾಹೀರಾತು ಇಟ್ಟಿದ್ದೆ. ಜನ ಎಲ್ಲಿವರೆಗೆ ನೋಡಿದರು ಅಂತ ತೋರಿಸುವ ರಿಟೆನ್ಶನ್ ಗೆರೆ ಅಲ್ಲೇ ಶಿರಾಡಿ ಘಾಟಿ ಇಳಿಯಿತು. ಈಗ ಒಂದು ಜಾಗ ಮುಗಿದು ಇನ್ನೊಂದು ಶುರುವಾಗುವ ಕಡೆ ಇಡುತ್ತೇನೆ. ನಿಮಗಾದರೆ ಹಿಟ್ಟು ನೆನೆಯಲು ಬಿಡುವ ಜಾಗ ಸರಿ.

ಚಿಕ್ಕಮಗಳೂರಿನಿಂದ:
ಎಲ್ಲರೂ ಲೆಕ್ಕ ಹೇಳಿದಿರಿ, ದುಡ್ಡು ಕೈಗೆ ಬರುವುದನ್ನು ಯಾರೂ ಹೇಳಲಿಲ್ಲ. ಮೇಡಂ, ಈಗ ಕಾಣುತ್ತಿರುವುದು ಅಂದಾಜು. ಮುಂದಿನ ತಿಂಗಳು 7ರಿಂದ 12ನೇ ತಾರೀಖಿನೊಳಗೆ ಪಕ್ಕಾ ಮೊತ್ತ ಆಡ್‌ಸೆನ್ಸ್‌ಗೆ, ಅಂದರೆ ಗೂಗಲ್ ನಮಗೆ ದುಡ್ಡು ಕೊಡುವ ಖಾತೆಗೆ, ಬರುತ್ತದೆ. 100 ಡಾಲರ್ ಆಗುವವರೆಗೆ ಅಲ್ಲೇ ಕೂತಿರುತ್ತದೆ. ಆದ ಮೇಲೆ 21ರಿಂದ 26ರೊಳಗೆ ಕಳಿಸುತ್ತಾರೆ.

10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಒಂದು ಪಿನ್ ಅಂಚೆಯಲ್ಲಿ ಬರುತ್ತದೆ. ನಮ್ಮದು ತೋಟದ ಮನೆ, ಬಾಗಿಲ ನಂಬರ್ ಇಲ್ಲ. ಅದಕ್ಕೇ ಪೇಟೆಯಲ್ಲಿರುವ ಅಕ್ಕನ ಮನೆ ವಿಳಾಸ ಕೊಟ್ಟೆ. ಅಮೆರಿಕದ ತೆರಿಗೆ ಫಾರ್ಮ್ ಈಗಲೇ ತುಂಬಿಬಿಡಿ. ತುಂಬಿದರೆ ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ದುಡ್ಡಿಗೆ ಮಾತ್ರ ತೆರಿಗೆ ಹಿಡಿಯುತ್ತಾರೆ, ಭಾರತದವರಿಗೆ ಒಪ್ಪಂದದ ಪ್ರಕಾರ 15 ಪರ್ಸೆಂಟ್. ತುಂಬದಿದ್ದರೆ ಒಟ್ಟು ಸಂಪಾದನೆಯಲ್ಲೇ 24 ಪರ್ಸೆಂಟ್‌ವರೆಗೆ ಹೋಗಬಹುದು. ನಮ್ಮ ಕಡೆಯ ನೆಂಟರು ಅಲ್ಲಿಂದ ನೋಡುವುದು ಜಾಸ್ತಿ ಅಲ್ವಾ.

ಬ್ಯಾಂಕ್‌ನಲ್ಲಿ ಸ್ವಿಫ್ಟ್ ಕೋಡ್ ಮೊದಲೇ ಕೇಳಿಟ್ಟುಕೊಳ್ಳಿ. ನಾನು ಖಾತೆ ಇಟ್ಟಿದ್ದ ಶಾಖೆಯಲ್ಲಿ ಕೇಳಿದ್ದಕ್ಕೆ ಐಎಫ್‌ಎಸ್‌ಸಿ ಬರೆದುಕೊಟ್ಟು ಕಳಿಸಿದ್ದರು. ವಿದೇಶಿ ದುಡ್ಡಿಗೆ ಅದೊಂದೇ ಸಾಲಲ್ಲ.

ಬೇಲೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂಡಿಗೆರೆ ಅಣ್ಣಾ, 18 ಸೆಂಟ್ ಸಿಕ್ಕಿತು, ಶಾರ್ಟ್ಸ್‌ದು! ಕೆಸುವಿನ ಎಲೆ ಸುರುಳಿ ಸುತ್ತೋ ವಿಡಿಯೋ ಹಾಕಿದ್ದೆ. 30 ಸಾವಿರದಲ್ಲಿ 11 ಸಾವಿರ ವ್ಯೂಸ್ ಅದೊಂದರದ್ದೇ. ದೊಡ್ಡ ವಿಡಿಯೋಗಳನ್ನಷ್ಟೇ ತೆಗೆದುಕೊಂಡರೆ 19 ಸಾವಿರಕ್ಕೆ 12.32, ಅಂದರೆ ಆರ್‌ಪಿಎಂ 65 ಸೆಂಟ್. ಯಜಮಾನರು ಇಷ್ಟಕ್ಕೂ ಒಪ್ಪಿಲ್ಲ, ಕ್ಯಾಲೆಂಡರ್‌ನ ಇನ್ನೊಂದು ಹಾಳೆ ಕಿತ್ತಿದ್ದಾರೆ. 10 ಡಾಲರ್ ದಾಟಿದೆಯಲ್ಲ, ಪಿನ್ ಬಂದರೆ ತೋಟದ ಗೇಟ್ ಹತ್ತಿರ ಕೂಗು ಹಾಕಿ ಅಂತ ಅಂಚೆಯಣ್ಣನಿಗೆ ಹೇಳಿಟ್ಟಿದ್ದೇನೆ.