ಟಮ್ಮಿ ಟಕ್ ಆಗಿ ಐದು ತಿಂಗಳಾದರೂ ಮೇಲ್ಹೊಟ್ಟೆ ಉಬ್ಬಿಯೇ ಇದೆ: ಇದು ಊತವೇ, ಬೇರೇನಾದರೂ ಇದೆಯೇ?

ಪ್ರಶ್ನೆ (ಕಾಪುವಿನಿಂದ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಎರಡೂ ಹೆರಿಗೆಗಳು ಸಿಸೇರಿಯನ್. ಎರಡನೆಯ ಬಾಣಂತನದ ನಂತರ ಜೋತುಬಿದ್ದ ಹೊಟ್ಟೆ ಎಷ್ಟು ನಡೆದರೂ, ಎಷ್ಟು ಪಥ್ಯ ಮಾಡಿದರೂ ಒಳಗೆ ಹೋಗಲಿಲ್ಲ. ಮಡಿಕೆಯ ಅಡಿಯ ಚರ್ಮ ಬೇಸಿಗೆಯ ಬೆವರಿಗೆ ಕೆಂಪಾಗಿ ಉರಿಯತೊಡಗಿದಾಗ ಮನೆಯವರೊಡನೆ ಮಾತನಾಡಿ, ಕೂಡಿಟ್ಟ ಹಣದಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಟಮ್ಮಿ ಟಕ್ (ಹೊಟ್ಟೆಯ ಜೋಲು ಚರ್ಮ, ಕೊಬ್ಬು ತೆಗೆದು ಒಳಗಿನ ಸ್ನಾಯುಗಳನ್ನು ಹೊಲಿದು ಬಿಗಿಗೊಳಿಸುವ) ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆರು ವಾರ ಬೆಲ್ಟ್ ತಪ್ಪದೆ ಕಟ್ಟಿದ್ದೇನೆ. ಕೆಳಹೊಟ್ಟೆಯ ಜೋಲು ಪೂರ್ತಿ ಹೋಗಿದೆ, ಗಾಯವೂ ಚೆನ್ನಾಗಿ ಮಾಗಿದೆ. ಆದರೆ ಹೊಕ್ಕುಳಿನಿಂದ ಮೇಲೆ, ಪಕ್ಕೆಲುಬಿನವರೆಗೆ, ಹೊಟ್ಟೆ ಮೊದಲಿನಂತೆಯೇ ಮುಂದಕ್ಕೆ ಬಂದಿದೆ. ಬೆಳಿಗ್ಗೆ ಏಳುವಾಗ ತಕ್ಕಮಟ್ಟಿಗೆ ಚಪ್ಪಟೆಯಾಗಿರುತ್ತದೆ. ಸಂಜೆಯ ಹೊತ್ತಿಗೆ ಲಂಗದ ಲಾಡಿ ಒತ್ತಿ ಗುರುತು ಬೀಳುವಷ್ಟು ಬಿಗಿಯುತ್ತದೆ. ಕಳೆದ ವಾರ ಮದುವೆಯೊಂದರಲ್ಲಿ ಪರಿಚಯದವರೊಬ್ಬರು “ವಿಶೇಷ ಉಂಟಾ?” ಎಂದು ಕೇಳಿದರು. ಅವರು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಆದರೂ ನಾನು ಊಟಕ್ಕೆ ಕೂರದೆ ಮನೆಗೆ ಬಂದೆ.

ವೈದ್ಯರು ಪ್ರತಿ ಸಲವೂ “ಊತ, ಇಳಿಯುತ್ತದೆ” ಎಂದಷ್ಟೇ ಹೇಳಿ ಕಳುಹಿಸುತ್ತಾರೆ. ಮೂರನೆಯ ತಿಂಗಳಿನಿಂದ, ಕರೆಂಟ್ ಇಲ್ಲದ ದಿನಗಳಲ್ಲಿ, ಬಾವಿಯಿಂದ ನೀರು ಸೇದಿದ್ದೇನೆ. ಅದರಿಂದ ಒಳಗಿನ ಹೊಲಿಗೆ ಬಿಟ್ಟಿರಬಹುದೇ ಎಂಬ ಚಿಂತೆ ಕಾಡುತ್ತಿದೆ. ತಿಳಿದವರು ದಯವಿಟ್ಟು ಉತ್ತರಿಸಿ.

ಉತ್ತರ 1 (ಶಸ್ತ್ರಚಿಕಿತ್ಸಾ ವಾರ್ಡಿನ ದಾದಿ, ಮಂಗಳೂರು)

ಅಕ್ಕಾ, ಮೊದಲು ಆ ಬಾವಿಯ ಚಿಂತೆಯನ್ನು ಬದಿಗಿಡಿ. ಭಾರ ಎತ್ತಬಾರದೆಂದು ಸಾಮಾನ್ಯವಾಗಿ ಹೇಳುವುದು ಆರರಿಂದ ಎಂಟು ವಾರ. ನೀವು ಸೇದಿದ್ದು ಆ ಅವಧಿ ಮುಗಿದ ಮೇಲೆ.

ಊತ ಎಂಬುದು ಸುಳ್ಳಲ್ಲ. ಕೆಳಹೊಟ್ಟೆಯನ್ನು ಅಡ್ಡಲಾಗಿ ಕೊಯ್ಯುವಾಗ ದುಗ್ಧರಸ (ದೇಹದ ಅಂಗಾಂಶಗಳಿಂದ ಹರಿದುಹೋಗುವ ತಿಳಿ ದ್ರವ) ಹರಿಯುವ ಸಣ್ಣ ನಾಳಗಳು ತುಂಡಾಗುತ್ತವೆ. ಅವು ಹೊಸ ದಾರಿ ಮಾಡಿಕೊಳ್ಳುವವರೆಗೆ ನೀರಿನಂಶ ಅಲ್ಲಲ್ಲೇ ನಿಲ್ಲುತ್ತದೆ, ಹಗಲಿಡೀ ನಿಂತು ಕೆಲಸ ಮಾಡಿದವರಿಗೆ ಸಂಜೆ ಹೆಚ್ಚಾಗುತ್ತದೆ, ಉಪ್ಪಿನಕಾಯಿ, ಒಣಮೀನು ಜಾಸ್ತಿ ತಿಂದ ಮರುದಿನ ಇನ್ನೂ ಹೆಚ್ಚಾಗುತ್ತದೆ. ಬಹುಪಾಲು ಊತ ಮೊದಲ ಮೂರು ತಿಂಗಳಲ್ಲಿ ಇಳಿದರೂ ಉಳಿದದ್ದು ಹೋಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದುಂಟು. ಆದರೆ ಇಂಥ ಊತ ಹೆಚ್ಚಾಗಿ ಕಾಣುವುದು ಗಾಯದ ಗೆರೆಯ ಮೇಲ್ಭಾಗದಲ್ಲಿ, ಅಂದರೆ ಹೊಕ್ಕುಳಿನ ಕೆಳಗೆ. ನಿಮ್ಮದು ಹೊಕ್ಕುಳಿನ ಮೇಲೆ ಎನ್ನುತ್ತೀರಿ, ಅದಕ್ಕೇ ನನಗೆ ಒಂದು ವಿಷಯ ಕೇಳಬೇಕೆನಿಸಿತು.

ನಿಮ್ಮ ಹೊಕ್ಕುಳಿನ ಸುತ್ತ ವೃತ್ತಾಕಾರದ ಗಾಯದ ಗುರುತು ಇದೆಯೇ? ಪೂರ್ಣ ಟಮ್ಮಿ ಟಕ್‌ನಲ್ಲಿ ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ ಕೆಳಕ್ಕೆ ಎಳೆಯುವುದರಿಂದ ಹೊಕ್ಕುಳಿಗೆ ಹೊಸ ಜಾಗದಲ್ಲಿ ರಂಧ್ರ ಮಾಡಿ ಸುತ್ತ ಹೊಲಿಯುತ್ತಾರೆ. ಆ ಗುರುತು ಇಲ್ಲವಾದರೆ ನಿಮಗೆ ಆಗಿರುವುದು ಬಹುಶಃ ಮಿನಿ ಟಮ್ಮಿ ಟಕ್. ಅದರಲ್ಲಿ ಸಾಮಾನ್ಯವಾಗಿ ಕೆಳಭಾಗದ ಚರ್ಮವನ್ನಷ್ಟೇ ತೆಗೆದು, ಸ್ನಾಯುಗಳನ್ನು ಹೊಕ್ಕುಳಿನ ಕೆಳಗೆ ಮಾತ್ರ ಹೊಲಿಯುತ್ತಾರೆ. ಮೇಲಿನ ಭಾಗ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಡಿಸ್ಚಾರ್ಜ್ ಸಮರಿಯಲ್ಲಿ ಇದನ್ನು ಬರೆದಿರಬೇಕು, ತೆಗೆದು ಓದಿ ನೋಡಿ.

ಉತ್ತರ 2 (ಬ್ರಹ್ಮಾವರದಿಂದ)

ನನ್ನ ಅನುಭವ ಬೇರೆ ರೀತಿಯದು, ಆದರೂ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನನಗೆ ಪೂರ್ಣ ಶಸ್ತ್ರಚಿಕಿತ್ಸೆಯೇ ಆಗಿತ್ತು, ಎಂಟು ತಿಂಗಳು ಹೊಟ್ಟೆ ಸಮತಟ್ಟಾಗಿಯೇ ಇತ್ತು. ಆಟಿ ತಿಂಗಳ ಮಳೆಯಲ್ಲಿ ಹಿಡಿದ ಕೆಮ್ಮು ಮೂರು ವಾರ ಬಿಡಲಿಲ್ಲ. ಒಂದು ದಿನ ಸ್ನಾನ ಮಾಡುವಾಗ ಹೊಕ್ಕುಳಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಕೆಮ್ಮಿದಾಗ ಬೆರಳಿಗೆ ತಾಗುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಸಿಟಿ ಸ್ಕ್ಯಾನ್‌ನಲ್ಲಿ ಹರ್ನಿಯಾ (ಹೊಟ್ಟೆಯ ಗೋಡೆಯ ಸಂದಿನಿಂದ ಒಳಗಿನದು ಹೊರಗೆ ಉಬ್ಬುವುದು) ಎಂದು ತಿಳಿಯಿತು, ಆ ಸಂದಿಗೆ ವೈದ್ಯಕೀಯ ಬಲೆ (ಮೆಶ್) ಇಟ್ಟು ಸರಿಪಡಿಸಿದರು. ನಿಮ್ಮದು ಒಂದೇ ಕಡೆ ಗಂಟಾಗಿ ಬರುತ್ತದೆಯೇ, ಅಥವಾ ಇಡೀ ಮೇಲ್ಹೊಟ್ಟೆ ಒಟ್ಟಾಗಿ ಮುಂದೆ ಬಂದಿದೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ ಅಥವಾ ವಾಂತಿಯಾದರೆ ಮರುದಿನಕ್ಕೆಂದು ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಉತ್ತರ 3 (ನಿವೃತ್ತ ವೈದ್ಯ, ಉಡುಪಿ)

ಮೇಲಿನ ಇಬ್ಬರೂ ಹೇಳಿದ್ದು ಸರಿಯಾಗಿದೆ. ಇನ್ನೂ ಎರಡು ಸಾಧ್ಯತೆಗಳನ್ನು ಸೇರಿಸುತ್ತೇನೆ. ಚರ್ಮದಡಿಯಲ್ಲಿ ತಿಳಿನೀರು ಸಂಗ್ರಹವಾಗುವುದಕ್ಕೆ ಸೀರೋಮ ಎನ್ನುತ್ತಾರೆ. ಒಂದು ಬದಿಯಲ್ಲಿ ತಟ್ಟಿದರೆ ಇನ್ನೊಂದು ಬದಿಗೆ ಅಲೆ ಹೋದಂತೆ ಕೈಗೆ ತಿಳಿಯುತ್ತದೆ. ಇದು ಹೆಚ್ಚಾಗಿ ಮೊದಲ ವಾರಗಳಲ್ಲಿ ಬರುತ್ತದೆ, ಸೂಜಿಯಿಂದ ಹೀರಿ ತೆಗೆಯಬಹುದು.

ಇನ್ನೊಂದು, ಕರುಳಿನ ಸುತ್ತಲಿನ ಕೊಬ್ಬು. ಇದರ ಬಗ್ಗೆ ಶಸ್ತ್ರಚಿಕಿತ್ಸೆಗೆ ಮೊದಲೇ ರೋಗಿಗೆ ಬಿಡಿಸಿ ಹೇಳಬೇಕಾದದ್ದು ನಮ್ಮ ಕರ್ತವ್ಯ, ಆದರೆ ಅನೇಕ ಸಲ ಹೇಳುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಟಮ್ಮಿ ಟಕ್ ತೆಗೆಯುವುದು ಚರ್ಮವನ್ನು ಮತ್ತು ಅದರಡಿಯ ಕೊಬ್ಬನ್ನು. ಸ್ನಾಯುವಿನ ಗೋಡೆಯ ಒಳಗಿರುವ ಕೊಬ್ಬನ್ನು ಈ ಶಸ್ತ್ರಚಿಕಿತ್ಸೆಯಾಗಲಿ, ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಲೈಪೊಸಕ್ಷನ್ ಆಗಲಿ ಮುಟ್ಟುವುದಿಲ್ಲ. ನಮ್ಮ ದೇಶದವರಿಗೆ ತೂಕ ಮಿತಿಯಲ್ಲಿದ್ದರೂ ಈ ಕೊಬ್ಬು ಸೇರುವ ಪ್ರವೃತ್ತಿ ಹೆಚ್ಚು. ಆದ್ದರಿಂದಲೇ ಭಾರತೀಯ ಮಹಿಳೆಯರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದೆಂಬ ಮಿತಿ ಇಟ್ಟಿರುವುದು. ಮಲಗಿಕೊಂಡು ಉಬ್ಬನ್ನು ಬೆರಳುಗಳಲ್ಲಿ ಹಿಡಿದು ನೋಡಿ. ಕೈಗೆ ಹೆಚ್ಚೇನೂ ಸಿಗದೆ ಒಳಗಿನಿಂದ ತಳ್ಳಿದಂತೆ ಇದ್ದರೆ ಅದು ಚರ್ಮದಡಿಯದ್ದಲ್ಲ.

ಅನಂತರ ಮಂಡಿ ಮಡಿಸಿ, ತಲೆಯನ್ನು ಮಾತ್ರ ನಿಧಾನವಾಗಿ ಎತ್ತಿ. ನಡುವೆ ಉದ್ದಕ್ಕೆ ಏಣು ಎದ್ದರೆ ಹೊಟ್ಟೆಯ ಮುಂಭಾಗದಲ್ಲಿ ಉದ್ದಕ್ಕಿರುವ ಎರಡು ನೇರ ಸ್ನಾಯುಗಳು ದೂರ ಸರಿದಿವೆ ಎಂದರ್ಥ. ಅಂತರ 2 ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಅದನ್ನು ಗಣನೆಗೆ ತೆಗೆದುಕೊಳ್ಳುತ್ತೇವೆ. ಮನೆಯಲ್ಲಿ ನೋಡಿದ್ದು ಪೂರ್ತಿ ಉತ್ತರವಲ್ಲ. ನಿಮ್ಮ ಸರ್ಜನ್ ಬಳಿ ಹೋಗಿ, ನಿಲ್ಲಿಸಿಯೂ ಮಲಗಿಸಿಯೂ ಪರೀಕ್ಷಿಸುವಂತೆ ಮತ್ತು ಹೊಟ್ಟೆಯ ಗೋಡೆಯ ಅಲ್ಟ್ರಾಸೌಂಡ್ ಬರೆದುಕೊಡುವಂತೆ ಕೇಳಿ. ಸಮಾಧಾನವಾಗದಿದ್ದರೆ ಬೇರೊಬ್ಬ ಪ್ಲಾಸ್ಟಿಕ್ ಸರ್ಜನ್ ಅವರ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು, ಅದಕ್ಕೆ ಸಂಕೋಚ ಬೇಡ.

ಪ್ರಶ್ನೆ ಕೇಳಿದವರ ಮರುಬರಹ (ಹನ್ನೆರಡು ದಿನಗಳ ನಂತರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾದಿಯವರ ಉತ್ತರ ಓದಿದ ರಾತ್ರಿಯೇ ಕನ್ನಡಿಯ ಮುಂದೆ ನಿಂತು ನೋಡಿದೆ: ಹೊಕ್ಕುಳಿನ ಸುತ್ತ ಯಾವ ಗುರುತೂ ಇಲ್ಲ. ತಲೆ ಎತ್ತಿದಾಗ ಹೊಕ್ಕುಳಿನ ಮೇಲೆ, ಕಡಲ ಬದಿಯಲ್ಲಿ ಮಗುಚಿ ಹಾಕಿದ ದೋಣಿಯ ಬೆನ್ನಿನಂತೆ ಏಣು ಎದ್ದಿತು. ಕೆಳಗೆ ಏನೂ ಇಲ್ಲ.

ಬೇರೊಬ್ಬ ಸರ್ಜನ್ ಅವರಿಗೆ ಕಾಗದಪತ್ರಗಳನ್ನೆಲ್ಲ ತೋರಿಸಿದೆ. ಸ್ಕ್ಯಾನಿಂಗ್‌ನಲ್ಲಿ ನೀರು ಇಲ್ಲ, ಹರ್ನಿಯಾ ಇಲ್ಲ. ಹೊಕ್ಕುಳಿನ ಕೆಳಗಿನ ಹೊಲಿಗೆ ಭದ್ರವಾಗಿದೆ. ಮೇಲೆ ಮೂರೂವರೆ ಸೆಂಟಿಮೀಟರ್ ಅಂತರವಿದೆ, ಅಲ್ಲಿ ಹೊಲಿಗೆಯನ್ನೇ ಹಾಕಿರಲಿಲ್ಲ. ಬಿಡದ ಹೊಲಿಗೆಗಾಗಿ ನಾನು ಎರಡು ತಿಂಗಳು ನನ್ನನ್ನೇ ದೂರಿಕೊಂಡಿದ್ದೆ. ಸಂಜೆಯ ಬಿಗಿತದಲ್ಲಿ ಊತದ ಪಾಲೂ ಸ್ವಲ್ಪ ಇದೆ ಎಂದರು, ಆದ್ದರಿಂದ ಒಂದು ವರ್ಷ ತುಂಬುವ ಮೊದಲು ಎರಡನೆಯ ಶಸ್ತ್ರಚಿಕಿತ್ಸೆಯ ಮಾತು ಬೇಡ ಎಂದಿದ್ದಾರೆ. ಅಲ್ಲಿಯವರೆಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಉಸಿರಾಟದ ವ್ಯಾಯಾಮ, ಹಾಸಿಗೆಯಿಂದ ಏಳುವಾಗ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ ಏಳುವುದು, ಉಪ್ಪು ಕಡಿಮೆ. ಪ್ರತಿ ಭಾನುವಾರ ಹೊಕ್ಕುಳಿನಿಂದ ಎರಡು ಬೆರಳು ಮೇಲೆ ಟೇಪು ಸುತ್ತಿ ಅಳತೆ ಬರೆದಿಡಬೇಕು. ಈ ಭಾನುವಾರದ್ದು ಬೆಳಿಗ್ಗೆ 84, ಸಂಜೆ 87 ಸೆಂಟಿಮೀಟರ್.