ಪುಂಡಿ ನಾರಿನ ಕೂಲರ್‌ಗೆ ನ್ಯಾನೋ ಕ್ಲೇ: ಹಾಕೋದಾ, ಬಿಡೋದಾ?

ಉದ್ಯಮಬಾಗ ಫೈಬರ್: ಬೆಳಗಾವಿ ಉದ್ಯಮಬಾಗದಾಗ ನಮ್ಮದೊಂದು ಸಣ್ಣ ಶೆಡ್. ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು), ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗೋ ಅಂಟು) ಹಾಕಿ ಕೂಲರ್ ಬಾಡಿ, ನೀರಿನ ಟಾಕಿ ಮಾಡ್ತೀವಿ. ಮಾಲು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆ ಹೋಗ್ತೈತಿ. ಗ್ಲಾಸ್ ಬದಲಿ ಪುಂಡಿ ನಾರು ಹಾಕಿ, ರೆಸಿನ್‌ನಾಗ 3% ನ್ಯಾನೋ ಕ್ಲೇ (ಭಾಳ ತೆಳು ಪದರದ ಮಣ್ಣಿನ ಪುಡಿ) ಕಲಸಿದ್ರ ಮಾಲು ನೀರು ಹೀರಂಗಿಲ್ಲ ಅಂತ ಒಂದು ಪ್ರಾಜೆಕ್ಟ್ ರಿಪೋರ್ಟ್ ಕೈಗೆ ಬಂತು. ಖರೇನ?

ಎಂ.ಟೆಕ್ ಹುಡುಗ: ಖರೇ ಐತ್ರಿ ಅಣ್ಣಾ. ಕ್ಲೇದ ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್ ದಪ್ಪ, ಅಗಲ ಮಾತ್ರ ಅದರ ನೂರಾರು ಪಟ್ಟು. ಪದರ ಬಿಡಿಬಿಡಿಯಾಗಿ ಹರಡಿದ್ರ ನೀರಿಗೆ ನೆಟ್ಟಗ ದಾರಿ ಸಿಗಂಗಿಲ್ಲ, ಸುತ್ತಿ ಬಳಸಿ ಹೋಗಬೇಕು. ಟೊಯೋಟಾದವರು ನೈಲಾನ್‌ನಾಗ ಹಿಂಗ ಕ್ಲೇ ಹಾಕಿ ಎಂಜಿನ್ ಬೆಲ್ಟಿನ ಕವರ್ ಮಾಡಿ ಮೂವತ್ತು ವರ್ಷ ಆತು. ನಾರು ಹಗುರನೂ ಹೌದು: ಗ್ಲಾಸ್ ಸಾಂದ್ರತೆ ಘನ ಸೆಂಟಿಮೀಟರ್‌ಗೆ 2.5 ಗ್ರಾಂ, ನಾರಿಂದು 1.4ರ ಆಸುಪಾಸು.

ಪಾಲಿಮರ್ ಅಕ್ಕಾ: ತಮ್ಮಾ, ಟೊಯೋಟಾ ಕಥಿ ಇಲ್ಲಿ ಕೂಡಂಗಿಲ್ಲ. ಅಲ್ಲಿ ನೈಲಾನ್ ಕ್ಲೇ ಪದರಗಳ ನಡುವೆನೇ ಬೆಳೀತು, ಪುಂಡಿಯಂಥ ನಾರಂತೂ ಇರಲೇ ಇಲ್ಲ. ಶೆಡ್‌ನಾಗ ಡಬ್ಬಿಯೊಳಗ ಕೋಲು ತಿರುವಿದ್ರ ಪದರ ಬಿಚ್ಚಂಗಿಲ್ಲ, ಝುಣಕದಾಗ ಹಿಟ್ಟು ಗಂಟಾದ್ಹಂಗ ಆಗ್ತೈತಿ. ಬಿರುಕು ಆ ಗಂಟಿನಿಂದನೇ ಶುರು. ಕ್ಲೇ ಹೆಚ್ಚಾದಷ್ಟೂ ರೆಸಿನ್ ಮಂದ ಆಗಿ ನಾರಿನ ಸಂದಿಗೆ ಇಳಿಯಂಗಿಲ್ಲ, ಗಾಳಿಗುಳ್ಳಿ ಉಳೀತಾವ.

ಮೊದಲು ನಾರು ನೋಡ್ರಿ. ನಾರು ಅಂದ್ರ ಮುಖ್ಯವಾಗಿ ಸೆಲ್ಯುಲೋಸ್, ಅದರ ಮೈತುಂಬ ಹೈಡ್ರಾಕ್ಸಿಲ್ (OH) ಗುಂಪು. ನೀರಿನ ಜೋಡಿ ಚೊಲೋ ಗೆಳೆತನ, ರೆಸಿನ್ ಜೋಡಿ ಅಷ್ಟಕ್ಕಷ್ಟೇ. 5% ಕಾಸ್ಟಿಕ್ ಸೋಡಾ ನೀರಿನಾಗ ಕೆಲವು ತಾಸು ನೆನಸಿ, ತೊಳೆದು, ಪೂರ್ತಿ ಒಣಗಿಸ್ರಿ. ಮೇಣ, ನಾರಿಗೆ ಅಂಟಿದ ಹೆಮಿಸೆಲ್ಯುಲೋಸ್ ಅನ್ನೋ ವಸ್ತು ಹೋಗಿ ಮೈ ಒರಟಾಗಿ ರೆಸಿನ್ ಹಿಡೀತೈತಿ. ಇದನ್ನ ಬಿಟ್ಟು ನ್ಯಾನೋ ಹಾಕಿದ್ರ ರೊಕ್ಕ ದಂಡ.

ಮುಧೋಳ ಕಬ್ಬು: ಕ್ಲೇ ಯಾಕ ಕೊಳ್ತೀರಿ? ಸಕ್ಕರಿ ಫ್ಯಾಕ್ಟರಿ ಬೂದಿ ರಾಶಿ ಬಿದ್ದೈತಿ, ಅದರಾಗ ಸಿಲಿಕಾ ಐತಿ. ಪುಕ್ಕಟೆ ನ್ಯಾನೋ!

ಪಾಲಿಮರ್ ಅಕ್ಕಾ: ಸಿಲಿಕಾ ಇರೋದು ಹೌದು ಕಾಕಾ, ಆದ್ರ ಬಾಯ್ಲರ್ ಬೂದಿ ನ್ಯಾನೋ ಅಲ್ಲ. ಸುಡದ ಇದ್ದಲಿ, ಮಣ್ಣು ಕೂಡಿರ್ತೈತಿ. ಆ್ಯಸಿಡ್‌ನಾಗ ತೊಳೆದು, ತಾಪ ನೋಡಿ ಸುಟ್ಟು, ಅರೆಯೋದ್ರಾಗ ಪುಕ್ಕಟೆ ಎಲ್ಲಿ ಉಳೀತು?

ವಿಜಯಪುರ ಕೂಲರ್ ರಿಪೇರಿ: ಟಾಕಿ ನಟ್ಟನಡುವ ಸೋರಂಗಿಲ್ರಿ. ನಲ್ಲಿ ತೂತು, ಪಂಪಿನ ವೈರ್ ತೂತು, ಕೊಯ್ದ ಅಂಚು, ಕೆಡೋದು ಅಲ್ಲೇ. ಡ್ರಿಲ್ ಹೊಡೆದ ಕೂಡ್ಲೆ ನಾರಿನ ತುದಿ ಬಯಲಿಗೆ ಬರ್ತೈತಿ.

ಎಂ.ಟೆಕ್ ಹುಡುಗ: ಲ್ಯಾಬ್‌ನಾಗ ಕೊಯ್ದ ತುಂಡನ್ನೇ ನೀರಿನಾಗ ಇಟ್ಟು ತೂಗ್ತೀವ್ರಿ, ಅಂಚಿನ ಲೆಕ್ಕನೂ ಅದರಾಗ ಬರ್ತೈತಿ. ಕ್ಲೇ ಹಾಕಿದ್ದು ನೀರು ಕಡಿಮಿನೇ ಹೀರತೈತಿ.

ಪಾಲಿಮರ್ ಅಕ್ಕಾ: ಎಷ್ಟು ದಿನ ಇಟ್ಟಾಗ? ಕ್ಲೇ ಮುಖ್ಯವಾಗಿ ನೀರಿನ ವೇಗ ಇಳಿಸ್ತೈತಿ, ನಾರಿನ ನೀರಡಿಕಿ ಕಳೆಯಂಗಿಲ್ಲ. ನಾರಿನೊಳಗ ಟೊಳ್ಳು ಐತಿ; ತೂತಿನಾಗ ಬಾಯ್ತೆರೆದ ನಾರು ನೇರ ಎಳಕೊಳ್ತೈತಿ, ರೆಸಿನ್‌ನಾಗಿನ ಕ್ಲೇ ಅಡ್ಡ ಬರಂಗಿಲ್ಲ. ಬ್ಯಾಸಗಿ ತುಂಬ ಉಬ್ಬತೈತಿ, ಆಮೇಲೆ ಒಣಗಿ ಕುಗ್ಗತೈತಿ, ಮರು ವರ್ಷ ಮತ್ತ ಅದೇ. ನಾರು-ರೆಸಿನ್ ಹಿಡಿತ ಬಿಡೋದು ಹಿಂಗ. ಒಮ್ಮೆ ನೆನಸಿ ತೂಗಿದ್ರ ಇದು ಕಾಣಂಗಿಲ್ಲ.

ಉದ್ಯಮಬಾಗ ಫೈಬರ್: ಹಂಗಾದ್ರ ಬ್ಯಾಡ ಅಂತೀರಿ?

ಪಾಲಿಮರ್ ಅಕ್ಕಾ: ಟಾಕಿಗೆ ಗ್ಲಾಸೇ ಇರ್ಲಿ. ಬಾಜು ಪ್ಯಾನಲ್, ಮುಚ್ಚಳಕ್ಕ ನಾರು ಹಾಕ್ರಿ. ಹೊರದೇಶದ ಕಾರು ಕಂಪನಿಯವರು ಬಾಗಿಲಿನ ಒಳಪ್ಯಾನಲ್ಲಿಗೆ ಹಾಕೋ ಕೆನಾಫ್ ನಮ್ಮ ಪುಂಡಿನೇ. ಎರಡೂ ಬದಿ ಜೆಲ್‌ಕೋಟ್ (ರೆಸಿನ್‌ದ ಹೊರಪದರ), ಕೊರೆದ ತೂತಿಗೆ ರೆಸಿನ್ ಸವರ್ರಿ. ಒಂದು ಪ್ಯಾನಲ್ ಕ್ಲೇ ಇಲ್ದ, ಇನ್ನೊಂದು 2% ಹಾಕಿ ಮಾಡ್ರಿ. ರೆಸಿನ್‌ಗೆ ಹೊಂದೂ ಹಂಗ ರಾಸಾಯನಿಕ ಲೇಪ ಮಾಡಿದ ಕ್ಲೇನೇ ಬೇಕು, ಬರೇ ಬೆಂಟೋನೈಟ್ ಮಣ್ಣು ನಡಿಯಂಗಿಲ್ಲ. ಪುಡಿ ತೂರತೈತಿ, ಮಾಸ್ಕ್ ಇಲ್ದ ಮುಟ್ಟಬ್ಯಾಡ್ರಿ.

ವಿಜಯಪುರ ಕೂಲರ್ ರಿಪೇರಿ: ಎರಡೂ ನನ್ನ ಅಂಗಡಿ ಮಾಳಿಗಿ ಮ್ಯಾಲೆ ಇಡ್ರಿ. ಬಿಸಲಿಗೆ ಬಾಡಿಗಿ ಕೇಳಂಗಿಲ್ಲ.

ಎಂ.ಟೆಕ್ ಹುಡುಗ: ಎರಡು ಸಾಲಂಗಿಲ್ರಿ, ನಾಕು ಮಾಡ್ರಿ. ಕಾಸ್ಟಿಕ್ ಮಾಡಿದ ನಾರು, ಮಾಡದ ನಾರು, ಎರಡಕ್ಕೂ ಕ್ಲೇ ಹಾಕಿದ್ದೊಂದು ಹಾಕದ್ದೊಂದು. ಇಲ್ಲಾಂದ್ರ ಯಾವುದರಿಂದ ಏನಾತು ಅಂತ ಅಕ್ಕಾರೂ ಹೇಳಾಕ ಬರಂಗಿಲ್ಲ.